ಹಮಾಲಿ ಸುಂಕಣ್ಣನ ಬಲಗೈ

ಕುರುಗೋಡಿನ ಮಾರುಕಟ್ಟೆ ಅಂಗಳದಲ್ಲಿ ಇನ್ನೂ ಎದುರಿನವರ ಮುಖ ಗುರುತು ಸಿಗುವಷ್ಟು ಬೆಳಕು ಹರಿದಿಲ್ಲ. ಲಾರಿಯ ಹಿಂಬದಿಗೆ ಓರೆಯಾಗಿ ಒಂದು ಹಲಗೆ ಚಾಚಿದ್ದಾರೆ. ಬೆನ್ನಿಗೆ ಭತ್ತದ ಚೀಲ ಏರಿಸಿಕೊಂಡ ಹಮಾಲರು ಒಬ್ಬರ ಹಿಂದೊಬ್ಬರು ಅದನ್ನು ಹತ್ತುತ್ತಿದ್ದಾರೆ. ಪ್ರತಿ ಹೆಜ್ಜೆಗೂ ಹಲಗೆ ಬಾಗುತ್ತದೆ, ಮತ್ತೆ ಏಳುತ್ತದೆ. ನಡುವೆ ನಿಲ್ಲುವಂತಿಲ್ಲ, ಹಿಂದಕ್ಕೆ ಸರಿಯುವಂತಿಲ್ಲ. ಹತ್ತಿದವನು ಮೇಲೆ ಹೋಗಿಯೇ ಉಸಿರು ಬಿಡಬೇಕು.

ಸಾಲಿನಲ್ಲಿ ಮೊದಲಿಗರು ಸುಂಕಣ್ಣ. ಐವತ್ತು ದಾಟಿದ ಗಟ್ಟಿ ಆಳು. ಹೊತ್ತೂ ಹೊತ್ತೂ ಕತ್ತು ಯಾವುದು, ಭುಜ ಯಾವುದು ಎಂದು ಹೇಳಲು ಬಾರದಂಥ ಮೈಕಟ್ಟು. ಚೀಲ ಬೆನ್ನಿಗೆ ಬೀಳುವ ಮುಂಚೆ ಅವರು ಕತ್ತು ಹೊರಳಿಸಿ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಬೆರಳು ಚೀಲಕ್ಕೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆಯನ್ನು ಹಿಡಿದಿದೆಯೋ ಇಲ್ಲವೋ ಎಂಬುದನ್ನು ಅವರು ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಹಿಂದೆ ನಿಂತಿರುವ ಭೀಮರಾಜನಿಗೆ ಇದು ತಮಾಷೆಯಾಗಿ ಕಾಣುತ್ತದೆ. ಭೀಮರಾಜ ಬೇರೆ ಯಾರೂ ಅಲ್ಲ, ಸುಂಕಣ್ಣನವರ ಹೆಂಡತಿ ಹಂಪಮ್ಮನ ಕೊನೆಯ ತಮ್ಮ. “ಏನ್ ಮಾವಾ, ಬೆಳಬೆಳಗ್ಗೆ ಕೈ ಭವಿಷ್ಯ ನೋಡ್ಕೊಳ್ಳಾಕತ್ತೀಯೇನು? ಹತ್ತು ಹತ್ತು, ಹಿಂದ ನಾ ಅದೀನಿ,” ಎಂದು ನಗುತ್ತಾನೆ.

ಸುಂಕಣ್ಣ ನಗುವುದಿಲ್ಲ. ಹಲಗೆಯ ಅರ್ಧ ದಾಟಿದಾಗ ಚೀಲ ಕೊಂಚ ಬಲಕ್ಕೆ ವಾಲುತ್ತದೆ. ಎಡಗೈ ಗಬಕ್ಕನೆ ಮೇಲೆ ಹೋಗಿ ಅದರ ಕಿವಿ ಹಿಡಿಯುತ್ತದೆ. ಚೀಲ ನಿಲ್ಲುತ್ತದೆ, ಸುಂಕಣ್ಣ ಲಾರಿಯೊಳಗೆ ಕಾಲಿಡುತ್ತಾರೆ. ಡಿಸೆಂಬರಿನ ಆ ಚಳಿಯಲ್ಲೂ ಅವರ ಹಣೆ ಬೆವೆತಿದೆ.

ಅವರ ಬಲಗೈ ಬೆರಳುಗಳಿಗೆ ಐದಾರು ತಿಂಗಳಿಂದ ಸ್ಪರ್ಶವೇ ತಿಳಿಯುತ್ತಿಲ್ಲ. ತಂಡದಲ್ಲಿ ಯಾರಿಗೂ ಇದು ಗೊತ್ತಿಲ್ಲ, ಕಟ್ಟಿಕೊಂಡ ಹೆಂಡತಿಗೂ ಗೊತ್ತಿಲ್ಲ. ಆ ಕೈಯಿಂದ ಚೀಲ ಜಾರಿದರೆ ಅದು ಬೀಳುವುದು ಹಿಂದೆ ಬರುತ್ತಿರುವ ಭೀಮರಾಜನ ಮೇಲೆ. ಚೀಲದ ತೂಕ ಎಪ್ಪತ್ತೈದು ಕಿಲೋ.

ಲಾರಿ ಅರ್ಧ ತುಂಬುವ ಹೊತ್ತಿಗೆ ಸುಂಕಣ್ಣ ಮೈಕೊಡವಿ, ತಂಡದ ಮೇಸ್ತ್ರಿ ಮಲ್ಲಯ್ಯನವರ ಮುಂದೆ ನಿಲ್ಲುತ್ತಾರೆ. “ಮೇಸ್ತ್ರಿ, ನಾ ಹೊಂಟೆ. ಇವತ್ತು ಬಳ್ಳಾರಿ ಐತಿ.”

“ಹೋಗಪ ಪ್ರೊಫೆಸರಾ, ಹುಡುಗೂರು ದಾರಿ ಕಾಯಾಕತ್ತಿರತಾವು,” ಎನ್ನುತ್ತಾರೆ ಮಲ್ಲಯ್ಯ. ಉಳಿದವರು ಗೊಳ್ಳೆಂದು ನಗುತ್ತಾರೆ.

ಅಂಗಳದವರ ಪಾಲಿಗೆ ತಮಾಷೆಯಾದ ಈ ‘ಪ್ರೊಫೆಸರ್’ಗಿರಿಯೇ ಪತ್ರಿಕೆಯವರಾದ ನಾವು ಸುಂಕಣ್ಣನವರನ್ನು ಹುಡುಕಿಕೊಂಡು ಹೋಗಲು ಕಾರಣ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ಹುಡುಗಿಯರಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ರಸಾಯನಶಾಸ್ತ್ರದವರಿಗೆ ಆಮ್ಲ ಬೇಕು, ಪ್ರಾಣಿಶಾಸ್ತ್ರದವರಿಗೆ ಜಿರಳೆ ಬೇಕು, ಇವರಿಗೆ ಬೇಕಾದದ್ದು ಮನುಷ್ಯ. ಪ್ರತಿಯೊಬ್ಬ ವಿದ್ಯಾರ್ಥಿನಿಯ ಎದುರಿಗೂ ಕಣ್ಣು ಕಟ್ಟಿಸಿಕೊಂಡು, ಕೈ ಚಾಚಿ, ಕೇಳಿದ್ದಕ್ಕೆ ಉತ್ತರ ಹೇಳುತ್ತ ಕೂರುವ ಒಬ್ಬರು ಇರಬೇಕು. ಅವರನ್ನು ‘ಸಬ್ಜೆಕ್ಟ್’ ಎನ್ನುತ್ತಾರೆ. ಊರಿನಲ್ಲಿ ಮನೆಯಿದ್ದವರು ಅಕ್ಕನನ್ನೋ ಅತ್ತಿಗೆಯನ್ನೋ ಕರೆತರುತ್ತಾರೆ. ಸಿರುಗುಪ್ಪ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು ಯಾರನ್ನು ಕರೆದಾರು? ಅಂಥವರಿಗೆ ಆಧಾರ ಸುಂಕಣ್ಣ. ಹತ್ತು ವರ್ಷಗಳ ಮೇಲಾಯಿತು, ಅವರು ತಪ್ಪದೆ ಬರುತ್ತಿದ್ದಾರೆ.

ಶುರುವಾದದ್ದು ಆಕಸ್ಮಿಕವಾಗಿ. ವಿಭಾಗದ ಬೀರುಗಳನ್ನು ಹಳೆಯ ಕಟ್ಟಡದಿಂದ ಹೊಸದಕ್ಕೆ ಸಾಗಿಸಲು ಕುರುಗೋಡಿನ ತಂಡ ಬಂದಿತ್ತು. ಕೊನೆಯ ಬೀರು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಸುಂಕಣ್ಣನವರನ್ನು, ಸಬ್ಜೆಕ್ಟ್ ಬಾರದೆ ಅಳುತ್ತ ನಿಂತಿದ್ದ ಒಬ್ಬ ಹುಡುಗಿ ಕುರ್ಚಿಯಲ್ಲಿ ಕೂರಿಸಿದಳಂತೆ. ಅಂಗೈಯಲ್ಲಿ ಸಣ್ಣ ಸಣ್ಣ ತೂಕದ ಡಬ್ಬಿ ಇಟ್ಟು, ಯಾವುದು ಭಾರ ಎಂದು ಕೇಳಿದಳಂತೆ.

“ಮೊದಲು ನಗು ಬಂತ್ರಿ,” ಎಂದು ನೆನೆಯುತ್ತಾರೆ ಸುಂಕಣ್ಣ. “ಕ್ವಿಂಟಲ್‌ಗಟ್ಟಲೆ ಹೊರಾವಗ ಬೆಂಕಿಪೊಟ್ಟಣ ಕೊಟ್ಟು ಭಾರ ಐತೇನು ಅಂತ ಕೇಳಿದಂಗಾತು. ಆಮ್ಯಾಲ ನಗು ನಿಂತಹೋತು. ಆ ಹುಡುಗಿ ನನ್ನ ಕೈ ಹಿಡಕೊಂಡು ಕುಂತಿತ್ರಿ. ದೊಡ್ಡ ಮನಿ ಹುಡುಗಿ. ನಮ್ಮವರ ಕೈ ಹಂಗ ಅಷ್ಟೊತ್ತು ಹಿಡಕೊಂಡು, ಏನಣ್ಣಾ, ನಿನಗ ಏನ್ ಅನಸ್ತೈತಿ, ಅಂತ ಯಾರು ಕೇಳ್ತಾರ್ರಿ? ದೇಶನೂರಾಗ ನಮ್ಮಪ್ಪಗ ನೀರು ಮ್ಯಾಲಿಂದ ಹೊಯ್ಯೋರು.”

ಅವರು ಹುಟ್ಟಿದ ದೇಶನೂರು ಸಿರುಗುಪ್ಪ ತಾಲ್ಲೂಕಿನ ನೀರಾವರಿ ಹಳ್ಳಿ. ಸುತ್ತ ಕಣ್ಣು ಹಾಯುವಷ್ಟು ದೂರ ಗದ್ದೆ, ಅದರಲ್ಲಿ ಒಂದು ಗೇಣೂ ಸುಂಕಣ್ಣನವರ ಮನೆತನದ್ದಲ್ಲ. ಮದುವೆಯಾದ ಮೇಲೆ ಕುರುಗೋಡಿಗೆ ಬಂದು ಹಮಾಲಿ ತಂಡ ಸೇರಿದರು. ಹಂಪಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಮನೆಯ ಗೋಡೆಯ ಮೇಲೆ ಬುದ್ಧನದೊಂದು, ಬಾಬಾಸಾಹೇಬರದೊಂದು ಚಿತ್ರಪಟ. ಸುಗ್ಗಿಯಲ್ಲಿ ಸುಂಕಣ್ಣ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಚೀಲ ಹೊರುತ್ತಾರೆ. ಆದರೂ ಬಳ್ಳಾರಿಯ ಕರೆ ಬಂದರೆ ಮಾತ್ರ ಒಗೆದ ಅಂಗಿ ತೊಟ್ಟು ಹೊರಟುಬಿಡುತ್ತಾರೆ. ಅಲ್ಲಿ ಸಿಗುವುದು ಚಹಾ, ಎರಡು ಇಡ್ಲಿ, ಬಸ್ಸಿನ ಖರ್ಚು.

ವಿಭಾಗದ ಅಧ್ಯಾಪಕಿ ರಶ್ಮಿ ಬಳ್ಳಾರಿಯ ಪಾರ್ವತಿನಗರದವರು. ತಮ್ಮ ಶಾಸ್ತ್ರ ಹುಟ್ಟಿದ ಕಥೆ ಹೇಳಲು ಕುಳಿತರೆ ಅವರಿಗೆ ಹೊತ್ತು ಗೊತ್ತಾಗುವುದಿಲ್ಲ. “ಮನಸ್ಸು ಅಂದ್ರೇನು ಅಂತ ಸಾವಿರಾರು ವರ್ಷ ಬರೇ ವಾದ ಮಾಡಿದ್ರು ನೋಡ್ರಿ. ಸುಮಾರು ಇನ್ನೂರು ವರ್ಷದ ಹಿಂದ ಜರ್ಮನಿಯ ಒಬ್ಬ ವೈದ್ಯ ವಾದ ಬಿಟ್ಟು ಒಂದು ಕಂಪಾಸ್ ತಗೊಂಡ. ಅದರ ಎರಡು ಮೊನಿ ಪಕ್ಕದವನ ಚರ್ಮಕ್ಕ ಮುಟ್ಟಿಸಿ, ಒಂದೋ ಎರಡೋ ಅಂತ ಕೇಳಿದ. ಬೆರಳ ತುದಿಗೆ ಭಾಳ ಹತ್ತಿರ ಇಟ್ಟರೂ ಎರಡು ಅಂತ ತಿಳೀತು. ಬೆನ್ನಿಗೆ ಎರಡು ಬೆರಳಗಲ ದೂರ ಇಟ್ಟರೂ ಒಂದೇ ಅನ್ನಿಸ್ತು. ಅನ್ನಿಸೋದನ್ನ ಅಳೀಬಹುದು ಅಂತ ಆಗ ಗೊತ್ತಾತು.” ಆಮೇಲೆ ಅದೇ ದೇಶದ ಲೈಪ್‌ಜಿಗ್ ಪಟ್ಟಣದಲ್ಲಿ ಸಾವಿರದ ಎಂಟುನೂರ ಎಪ್ಪತ್ತೊಂಬತ್ತರಲ್ಲಿ ಮನಶ್ಶಾಸ್ತ್ರದ ಮೊದಲ ಪ್ರಯೋಗಾಲಯ ತೆರೆಯಿತು. ನಮ್ಮ ದೇಶದಲ್ಲಿ ಕಲ್ಕತ್ತ, ಅದಾದ ಮೇಲೆ ಮೈಸೂರು. ಹೀಗೆ ತತ್ವಜ್ಞಾನಿಗಳ ಜಗಲಿಯಿಂದ ಇಳಿದು ಮನಶ್ಶಾಸ್ತ್ರ ವಿಜ್ಞಾನದ ಅಂಗಳಕ್ಕೆ ಬಂತು.

ಆ ಮೊದಲ ದಿನಗಳಲ್ಲಿ ಕಣ್ಣು ಕಟ್ಟಿಸಿಕೊಂಡು ಕೂರುತ್ತಿದ್ದವರು ಎಷ್ಟೋ ಸಲ ಸ್ವತಃ ಪ್ರೊಫೆಸರರೇ ಅಂತೆ. ಅಳೆಯುವವನಿಗಿಂತ ಅಳೆಸಿಕೊಳ್ಳುವವನಿಗೆ ಮರ್ಯಾದೆ ಹೆಚ್ಚಂತೆ. ಈಗ ಕಾಲ ತಿರುಗಿದೆ. ವಿದ್ಯಾರ್ಥಿನಿಯರ ದಾಖಲೆಯಲ್ಲಿ ಸುಂಕಣ್ಣ ಹೆಸರಿನ ಬದಲು ಬರೀ ಒಂದು ಅಕ್ಷರ. ಇಷ್ಟು ಜನರ ಪದವಿಗೆ ಹೆಗಲು ಕೊಟ್ಟವನ ಹೆಸರು ಎಲ್ಲೂ ಇಲ್ಲವಲ್ಲ ಎಂದು ನಮಗೆ ಹೊಟ್ಟೆ ಉರಿಯುತ್ತದೆ. ಅವರಿಗೆ ಉರಿಯುವುದಿಲ್ಲ. ಬೆನ್ನಿನ ಸ್ಪರ್ಶ ಮಂದ ಎಂದು ಮೇಡಂ ಪಾಠ ಹೇಳಿದಾಗ ಅವರು ಅಂದದ್ದು ಇಷ್ಟು: “ಮಂದ ಇದ್ದದ್ದು ಬೇಸಾತು ಬಿಡ್ರಿ. ಇಲ್ಲಾಂದ್ರ ಚೀಲ ಹೊರೋರು ಯಾರು?”

ಆದರೆ ಈಗ ಮಂದವಾಗಿರುವುದು ಕೈ. ಮೊದಲು ಕಿರುಬೆರಳು, ಉಂಗುರ ಬೆರಳು, ಆಮೇಲೆ ಉಳಿದವು. ಜೋಮು ಹಿಡಿದಿದೆ, ಬಿಡುತ್ತದೆ ಎಂದುಕೊಂಡರು. ಬಿಡಲಿಲ್ಲ. ಒಂದು ದಿನ ಒಲೆಯ ಮುಂದೆ ಕುಳಿತಾಗ ಕೊಳ್ಳಿಗೆ ಬೆರಳು ತಾಗಿ ಬೊಬ್ಬೆ ಬಂದರೂ ಗೊತ್ತಾಗಲಿಲ್ಲ. ಹಂಪಮ್ಮ ಕೇಳಿದ್ದಕ್ಕೆ ಲಾರಿಯ ಇಂಜಿನ್ ತಾಗಿತು ಎಂದರು.

ಹೋದ ತಿಂಗಳು ಹಲಗೆಯ ಮೇಲಿಂದ ಚೀಲವೇ ಜಾರಿತು. ಭೀಮರಾಜ ಕಪ್ಪೆ ಹಾರಿದಂತೆ ಪಕ್ಕಕ್ಕೆ ಹಾರಿಕೊಂಡ. ಇಲ್ಲದಿದ್ದರೆ ಅವನ ಕತ್ತು ಮುರಿಯುತ್ತಿತ್ತು. “ಕೊಕ್ಕಿ ಮೊಂಡಾಗೈತಿ,” ಎಂದರು ಸುಂಕಣ್ಣ. ಮಲ್ಲಯ್ಯ ಹೊಸ ಕೊಕ್ಕೆ ತಂದುಕೊಟ್ಟರು. ಎಲ್ಲರೂ ನಂಬಿದರು. ಇಷ್ಟು ವರ್ಷ ಒಂದು ಚೀಲವನ್ನೂ ಬೀಳಿಸದವನ ಮಾತನ್ನು ಯಾರು ನಂಬುವುದಿಲ್ಲ?

ಆಸ್ಪತ್ರೆಗೆ ಏಕೆ ಹೋಗಲಿಲ್ಲ ಎಂದು ಕೇಳುವುದು ಸುಲಭ. “ಡಾಕ್ಟ್ರು ಏನಂತಾರ ಅಂತ ನನಗ ಗೊತ್ತಿತ್ತಲ್ರಿ. ಭಾರ ಎತ್ತಬ್ಯಾಡ ಅಂತಾರ. ಅಷ್ಟ ಅಲ್ಲ ನಾ ಮಾಡಾದು?” ಹಲಗೆ ಹತ್ತಲಾಗದ ಹಿರಿಯರಿಗೆ ತಂಡದಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಕೊಡುತ್ತಾರೆ. ಅದಕ್ಕೂ ಬೆರಳು ಬೇಕು. ಹಾಗಾಗಿ ಸುಂಕಣ್ಣನವರಿಗೆ ಇದ್ದದ್ದು ಒಂದೇ ದಾರಿ, ಬಾಯಿ ಹೊಲಿದುಕೊಂಡು ಹಲಗೆ ಹತ್ತುವುದು.

ಬಳ್ಳಾರಿಯ ಕಾಲೇಜಿನಲ್ಲಿ ಪರೀಕ್ಷೆಯ ಗಂಟೆ ಬಾರಿಸುತ್ತದೆ. ಹೊರಗಿನಿಂದ ಬಂದ ಪರೀಕ್ಷಕರು ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಯಾರಿಗೆ ಯಾವ ಪ್ರಯೋಗ ಎಂಬುದು ಚೀಟಿ ಎತ್ತಿ ತೀರ್ಮಾನ. ಈ ಸಲ ಸುಂಕಣ್ಣ ಕುಳಿತಿರುವುದು ಸೌಂದರ್ಯಾಳ ಎದುರಿಗೆ. ಸಿರುಗುಪ್ಪ ಕಡೆಯ ಹುಡುಗಿ, ಕೊನೆಯ ವರ್ಷ. ತೂಕದ ಡಬ್ಬಿ ಬರಲಿ, ಭುಜದ ಬಲದ ಮೇಲೆ ಹೇಗಾದರೂ ಹೇಳಿಯೇನು ಎಂದು ಸುಂಕಣ್ಣ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಾರೆ. ಹುಡುಗಿ ಚೀಟಿ ಬಿಡಿಸುತ್ತಾಳೆ. ಬಂದದ್ದು ಕಂಪಾಸು.

ಗಣಿತದ ಡಬ್ಬಿಯಲ್ಲಿರುವುದರ ದೊಡ್ಡಣ್ಣನಂಥ ಹಿತ್ತಾಳೆಯ ಉಪಕರಣ ಅದು. ಎರಡು ಮೊಂಡು ಮೊನೆ, ನಡುವಿನ ದೂರ ಅಳೆಯಲು ಗೀಟು. ಸೌಂದರ್ಯಾ ಟವೆಲಿನಿಂದ ಅವರ ಕಣ್ಣು ಕಟ್ಟಿ, ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಡುತ್ತಾಳೆ.

“ಕಾಕಾ, ಮುಟ್ಟಿದಾಗೆಲ್ಲ ಒಂದೋ ಎರಡೋ ಹೇಳ್ರಿ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಹೇಳ್ರಿ.”

“ಹೂಂನವ್ವಾ.”

ಕತ್ತಲಲ್ಲಿ ಸುಂಕಣ್ಣ ಕಿವಿ ನಿಮಿರಿಸುತ್ತಾರೆ. ಹುಡುಗಿಯ ಕೈಯಲ್ಲಿ ಗಾಜಿನ ಬಳೆ ಇದೆ. ಕೈ ಕೆಳಗಿಳಿದಾಗಲೆಲ್ಲ ಬಳೆ ಕಿಣಿಕ್ಕೆನ್ನುತ್ತದೆ. ಕಿಣಿಕ್ಕೆಂದರೆ ಮುಟ್ಟಿದ್ದಾಳೆ ಎಂದು ಅರ್ಥ. “ಎರಡು,” ಎನ್ನುತ್ತಾರೆ. ಮತ್ತೆ ಬಳೆ. “ಒಂದು.” ಮತ್ತೆ. “ಎರಡು.” ಹತ್ತು ವರ್ಷ ಕೂತವರಿಗೆ ಈ ಆಟದ ಲಯ ಗೊತ್ತು. ಬರೀ ಎರಡು ಎಂದರೆ ಅನುಮಾನ ಬರುತ್ತದೆ, ನಡುನಡುವೆ ಒಂದು ಎನ್ನಬೇಕು. ಪೆನ್ನು ಹಾಳೆಯ ಮೇಲೆ ಗೀರುವ ಸದ್ದು ಕೇಳುತ್ತದೆ. ನಡೆಯುತ್ತಿದೆ, ದಾಟಿಬಿಡುತ್ತೇನೆ ಎಂದುಕೊಳ್ಳುತ್ತಾರೆ.

ಸೌಂದರ್ಯಾಳ ಅಂಗೈ ಬೆವರಿ ಕಂಪಾಸು ಜಾರುತ್ತಿದೆ. ಅದನ್ನು ಕೆಳಗಿಟ್ಟು, ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತಾಳೆ. ಬಳೆ ಕಿಣಿಕ್ಕೆನ್ನುತ್ತದೆ.

“ಎರಡು,” ಎನ್ನುತ್ತಾರೆ ಸುಂಕಣ್ಣ.

ಹುಡುಗಿ ಗಕ್ಕನೆ ನಿಲ್ಲುತ್ತಾಳೆ. ಕಂಪಾಸು ಮೇಜಿನ ಮೇಲಿದೆ. ಅವಳು ಬೇಕೆಂದೇ ಇನ್ನೊಮ್ಮೆ ಬಳೆ ಆಡಿಸುತ್ತಾಳೆ.

“ಒಂದು.”

ಈಗ ಬಳೆಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಸದ್ದಾಗದಂತೆ ಕಂಪಾಸಿನ ಎರಡೂ ಮೊನೆಗಳನ್ನು ಅವರ ತೋರುಬೆರಳಿಗೆ ಊರುತ್ತಾಳೆ. ಉತ್ತರ ಇಲ್ಲ. ಇನ್ನೂ ಒತ್ತುತ್ತಾಳೆ. ಸುಂಕಣ್ಣ ಕತ್ತು ಓರೆ ಮಾಡಿಕೊಂಡು ಮುಂದಿನ ಸದ್ದಿಗೆ ಕಾಯುತ್ತಿದ್ದಾರೆ. ಪರೀಕ್ಷಕರು ಪಕ್ಕದ ಮೇಜಿಗೆ ಬಂದಿದ್ದಾರೆ. ಅವಳ ಹಾಳೆಯ ತುಂಬ ಬರೆದಿರುವುದು ಈಗ ಯಾತಕ್ಕೂ ಬಾರದ ಅಂಕೆ.

“ಕಾಕಾ,” ಎಂದು ಪಿಸುಗುಡುತ್ತಾಳೆ, “ಆಗ ನಾ ಮುಟ್ಟೇ ಇರಲಿಲ್ಲ. ಈಗ ಮುಟ್ಟೀನಿ.”

ಸುಂಕಣ್ಣ ದನಿ ಬಂದ ಕಡೆ ಬಗ್ಗುತ್ತಾರೆ. “ನಿನಗ ಯಾವ ಲೆಕ್ಕ ಬೇಕೋ ಅದನ್ನ ಬರಕೊಳ್ಳವ್ವ ತಾಯಿ. ಪುಸ್ತಕದಾಗ ಹೆಂಗೈತೋ ಹಂಗ ಬರಕೋ. ನಾ ಹೂಂ ಅಂತೀನಿ. ಯಾರಿಗೂ ಹೇಳಬ್ಯಾಡ.”

ಬರೆದುಕೊಳ್ಳಬಹುದಿತ್ತು. ಪುಸ್ತಕದ ಅಂಕೆ ಅವಳಿಗೆ ಬಾಯಿಪಾಠ, ಪರೀಕ್ಷಕರು ಮರುಪ್ರಶ್ನೆ ಕೇಳುತ್ತಿರಲಿಲ್ಲ. ಹಾಗೆ ಬರೆದು ಪಾಸಾದವರು ಎಷ್ಟೋ ಜನ ಇದ್ದಾರೆ, ಸುಳ್ಳೇಕೆ ಹೇಳಬೇಕು. ಸೌಂದರ್ಯಾ ಪೆನ್ನು ಹಿಡಿದು ಒಂದು ಗಳಿಗೆ ಕೂರುತ್ತಾಳೆ. ಆಮೇಲೆ ಬರೆದದ್ದರ ಮೇಲೆ ಉದ್ದಕ್ಕೂ ಗೀಟು ಎಳೆದು, ಕೈ ಎತ್ತಿ ರಶ್ಮಿ ಮೇಡಂ ಅವರನ್ನು ಕರೆಯುತ್ತಾಳೆ.

ಮೇಡಂ ಬಂದು ಮೊದಲು ಕಣ್ಣಿನ ಟವೆಲು ಬಿಚ್ಚುತ್ತಾರೆ. ಸುಂಕಣ್ಣ ಕಣ್ಣು ಪಿಳುಕಿಸಿ ತಮ್ಮ ಬೆರಳನ್ನು ನೋಡಿಕೊಳ್ಳುತ್ತಾರೆ. ಎರಡು ಮೊನೆಗಳ ಗುರುತು ಆಳವಾಗಿ ಕೆಂಪಗೆ ಮೂಡಿದೆ. ಅವರಿಗೆ ಅದರ ಸುದ್ದಿಯೇ ಇರಲಿಲ್ಲ. ಅದುವರೆಗೆ ಮಂದವಾಗಿದೆ, ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಆ ಎರಡು ಕೆಂಪು ಗುರುತು ಕಂಡ ಮೇಲೆ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ.

“ಏನಮ್ಮ, ಉತ್ತರ ಎಲ್ಲಾ ತಪ್ಪೇ?” ಎಂದು ಪರೀಕ್ಷಕರು ಹಾಳೆಯತ್ತ ಬಗ್ಗುತ್ತಾರೆ.

“ತಪ್ಪಲ್ಲ ಸರ್. ಇವರ ಬಲಗೈಗೆ ಸ್ಪರ್ಶ ಇಲ್ಲ. ಎಡಗೈದು ಅಳತಿ ತಗೊಳ್ತೀನಿ, ಎರಡೂ ಬರೀತೀನಿ,” ಎನ್ನುತ್ತಾಳೆ ಸೌಂದರ್ಯಾ. ಪರೀಕ್ಷಕರು ಸುಂಕಣ್ಣನವರ ಮುಖ ನೋಡುತ್ತಾರೆ, ಹಾಳೆ ನೋಡುತ್ತಾರೆ, ಹೂಂ ಎಂದು ಮುಂದೆ ಸಾಗುತ್ತಾರೆ.

ಪರೀಕ್ಷೆ ಮುಗಿದ ಮೇಲೆ ಕಾರಿಡಾರಿನಲ್ಲಿ ರಶ್ಮಿ ಅವರನ್ನು ತಡೆದು ನಿಲ್ಲಿಸುತ್ತಾರೆ. “ಸುಂಕಣ್ಣ, ಇದು ಕೈದಲ್ಲ, ನರದ್ದು ಇರಬಹುದು. ಇವತ್ತ ಆಸ್ಪತ್ರಿಗೆ ಹೋಗೋಣ, ನಡೀರಿ.”

“ನಾಳೆ ಬರ್ತೀನ್ರಿ ಮೇಡಂ. ಕುರುಗೋಡಿನಾಗ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಕೈ ಮುಗೀತೀನಿ.”

“ಪ್ರಯೋಗದ ಕೋಣ್ಯಾಗ ನೀವು ಹೇಳಿದ್ದು ನಾವು ಹೊರಗ ಒಯ್ಯಂಗಿಲ್ಲ. ಅದು ನಮ್ಮ ನಿಯಮ. ಆದ್ರ ಒಂದು ಕೇಳ್ತೀನಿ,” ಎನ್ನುತ್ತಾರೆ ರಶ್ಮಿ. “ಈ ಕೈಲೆ ಭಾರ ಎತ್ತಾಕತ್ತೀರಲ್ಲ, ನಿಮ್ಮ ಜೊತಿಗೆ ಇರೋರಿಗೆ ಗೊತ್ತೈತೇನು?”

ಸುಂಕಣ್ಣ ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ. ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡುವುದಿಲ್ಲ. ತೊಡೆಯ ಮೇಲೆ ಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಎತ್ತಿ ಇಡುತ್ತಾರೆ. ಬೇರೆಯವರ ಸಾಮಾನು ತಮ್ಮ ಬಳಿ ಉಳಿದುಹೋದಂತೆ ಅನ್ನಿಸಿತಂತೆ.

ಸಂಜೆ ಮನೆಯಲ್ಲಿ ಹಂಪಮ್ಮ ರೊಟ್ಟಿ ತಟ್ಟುತ್ತಿರುತ್ತಾರೆ. ಬೆರಳಿನ ಮೇಲಿನ ಗುರುತು ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಈ ಸಲ ಇಂಜಿನ್ ಕಥೆ ಹೊರಡಲಿಲ್ಲ. ಸುಂಕಣ್ಣ ಹೇಳಿದರು, ಬೆಂಕಿ ತಾಗಿದ್ದು, ಕೊಕ್ಕೆಯ ಸುಳ್ಳು, ಬಳೆಯ ಸದ್ದು, ಎಲ್ಲವನ್ನೂ. ಹಂಪಮ್ಮ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದರು. ಕೂಗಾಡಲಿಲ್ಲ. ಕೇಳಿದ್ದು ಒಂದೇ ಮಾತು.

“ಹಲಗಿ ಮ್ಯಾಲ ನಿನ್ನ ಹಿಂದ ಯಾರು ಬರ್ತಾರ?”

ಯಾರು ಬರುತ್ತಾರೆಂದು ಇಬ್ಬರಿಗೂ ಗೊತ್ತು. ಭೀಮರಾಜನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವರೇ ಹಂಪಮ್ಮ. ತವೆಯ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ತೆಗೆದು ಬದಿಗಿಟ್ಟು ಅವರು ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡರು.

ಮರುದಿನ ಬೆಳಗಾಗುವ ಮುಂಚೆ ಅಂಗಳದಲ್ಲಿ ಇನ್ನೊಂದು ಲಾರಿ ನಿಂತಿದೆ. ಹಲಗೆ ಹಾಕಿಯಾಗಿದೆ. ಸುಂಕಣ್ಣ ಸಾಲಿಗೆ ಬಾರದೆ ಮೇಸ್ತ್ರಿಯ ಮುಂದೆ ಹೋಗಿ ನಿಲ್ಲುತ್ತಾರೆ. “ನಾ ಹಲಗಿ ಹತ್ತಂಗಿಲ್ಲ. ನನ್ನ ಕೈ ಸತ್ತೈತಿ.”

ಮಲ್ಲಯ್ಯ ನಗುತ್ತಾರೆ. “ಜೋಮು ಹಿಡಿದಿರತೈತಿ ಬಿಡೋ. ಎಳ್ಳೆಣ್ಣಿ ತಿಕ್ಕು. ಬಳ್ಳಾರಿಗೆ ಹೋಗಿ ಬಂದ ಮ್ಯಾಲ ನಾಜೂಕ ಆಗಿಬಿಟ್ಟಿ ನೋಡು.”

“ಕೆಲಸ ತಪ್ಪಿಸಾಕ ಹೊಸ ಪಾಠ ಕಲಿಸಿಕೊಟ್ಟಾರ,” ಎಂದು ಯಾರೋ ಹಿಂದಿನಿಂದ ಕೂಗುತ್ತಾರೆ. ಕಣ್ಣಿಗೆ ಕಾಣುವ ಗಾಯವಿಲ್ಲ, ಊತವಿಲ್ಲ, ಕೈ ನೋಡಿದರೆ ಕಬ್ಬಿಣದಂತಿದೆ. ಯಾರು ನಂಬಬೇಕು? ಸತ್ಯ ಹೇಳುವುದೇ ಕಷ್ಟ ಎಂದುಕೊಂಡು ಬಂದವರಿಗೆ, ಹೇಳಿದ ಮೇಲೆ ನಂಬಿಸುವುದು ಅದಕ್ಕಿಂತ ಕಷ್ಟವಾಗುತ್ತದೆ.

ಆಗ ಸುಂಕಣ್ಣ ತಲೆಯ ರುಮಾಲು ಬಿಚ್ಚಿ ತಾವೇ ಕಣ್ಣು ಕಟ್ಟಿಕೊಳ್ಳುತ್ತಾರೆ. ಚೀಲಗಳ ನಡುವೆ ನೆಲದ ಮೇಲೆ ಕೂತು ಬಲಗೈ ಮುಂದೆ ಚಾಚುತ್ತಾರೆ. “ಭೀಮಾ, ಚೀಲ ಹೊಲಿಯೋ ದಬ್ಬಣ ತಗೊ. ಯಾವ ಬೆರಳಿಗೆ ಬೇಕಾದ್ರೂ ಚುಚ್ಚು. ಚುಚ್ಚಿದ್ದು ತಿಳಿದ್ರ ನಾ ಹೇಳ್ತೀನಿ.”

“ಏನ್ ಹುಚ್ಚು ಮಾವಾ ಇದು...”

“ಚುಚ್ಚು ಅಂತೀನಿ.”

ನಗು ನಿಲ್ಲುತ್ತದೆ. ಹಮಾಲರು ಸುತ್ತ ನಿಲ್ಲುತ್ತಾರೆ, ಲಾರಿಯ ಡ್ರೈವರೂ ಇಳಿದು ಬರುತ್ತಾನೆ. ಭೀಮರಾಜ ಮಂಡಿಯೂರಿ ಕೂತು, ಹೆದರುತ್ತ ಹೆದರುತ್ತ ದಬ್ಬಣದ ಮೊನೆಯನ್ನು ಮಾವನ ಬೆರಳ ತುದಿಗೆ ತಾಗಿಸುತ್ತಾನೆ. ಸುಂಕಣ್ಣ ಅಲುಗುವುದಿಲ್ಲ. ಮೊನೆ ಇನ್ನಷ್ಟು ಒಳಗಿಳಿಯುತ್ತದೆ. ರಕ್ತದ ಒಂದು ಹನಿ ಮೂಡುತ್ತದೆ, ಉರುಳುತ್ತದೆ, ಚೆಲ್ಲಿದ ಭತ್ತದ ಮೇಲೆ ಬೀಳುತ್ತದೆ.

“ಚುಚ್ಚಲೇ,” ಎನ್ನುತ್ತಾರೆ ಸುಂಕಣ್ಣ. “ಯಾಕ ಸುಮ್ಮನ ಕುಂತಿ?”

ಭೀಮರಾಜ ದಬ್ಬಣ ಬಿಸಾಕಿ ಎದ್ದು ನಿಲ್ಲುತ್ತಾನೆ. ಅವನಿಗೆ ಒಂದೊಂದೇ ನೆನಪಾಗುತ್ತಿದೆ. ಜಾರಿದ ಚೀಲ, ಹೊಸ ಕೊಕ್ಕೆ, ನಿನ್ನೆ ವಾಲಿದ್ದು. “ಇದು ನಿನಗ ಗೊತ್ತಿತ್ತು,” ಎಂದು ಕೂಗುತ್ತಾನೆ. “ಗೊತ್ತಿದ್ದೂ ನನ್ನ ಮುಂದ ಹತ್ತಿದಿ! ನನಗ ಎರಡು ಕೂಸು ಅದಾವು ಮಾವಾ!” ಅವನ ಕಣ್ಣಲ್ಲಿ ನೀರು. ಹೊಡೆದಾನೇನೋ ಎಂದು ಇಬ್ಬರು ಹಿಡಿದುಕೊಳ್ಳುತ್ತಾರೆ. ಸುಂಕಣ್ಣ ರುಮಾಲು ಬಿಚ್ಚದೆ ತಲೆ ತಗ್ಗಿಸಿ ಕೂತೇ ಇರುತ್ತಾರೆ. ಹೊಡೆಯಲಿ ಎಂದೇ ಕೂತಿದ್ದೆ ಎಂದು ಆಮೇಲೆ ಹೇಳಿದರು.

ಕೊನೆಗೆ ಅವರ ಕಣ್ಣಿನ ಕಟ್ಟು ಬಿಚ್ಚಿದವರು ಮಲ್ಲಯ್ಯ. ಅದೇ ರುಮಾಲಿನ ಅಂಚು ಹರಿದು ಬೆರಳಿಗೆ ಸುತ್ತಿದರು. “ಇವತ್ತಿನಿಂದ ಹಲಗಿ ಮ್ಯಾಲ ಸುಂಕಣ್ಣ ಇಲ್ಲ,” ಎಂದಷ್ಟೇ ಹೇಳಿ, ಉಳಿದವರನ್ನು ಕೆಲಸಕ್ಕೆ ಅಟ್ಟಿದರು.

ಬಳ್ಳಾರಿಯ ವೈದ್ಯರು ನೋಡಿದ್ದಾರೆ. ಕತ್ತಿನಲ್ಲಿ ನರ ಒತ್ತಿಹೋಗಿದೆ, ಶಸ್ತ್ರಚಿಕಿತ್ಸೆ ಬೇಕು, ಸ್ಪರ್ಶ ಮರಳೀತು ಅಥವಾ ಮರಳದೆಯೂ ಇದ್ದೀತು ಎಂದಿದ್ದಾರೆ. ಇನ್ನೂ ತಡವಾಗಿದ್ದರೆ ಕಾಲಿಗೂ ಬರುತ್ತಿತ್ತಂತೆ. ಆಸ್ಪತ್ರೆಗೆ ಜೊತೆಯಲ್ಲಿ ಓಡಾಡುತ್ತಿರುವವರು ರಶ್ಮಿ ಮೇಡಂ ಮತ್ತು ಸೌಂದರ್ಯಾ. ತಂಡದಲ್ಲಿ ಅವರಿಗೆ ಮುಂದೆ ಯಾವ ಕೆಲಸ, ಕೆಲಸ ಇದೆಯೋ ಇಲ್ಲವೋ, ಮಲ್ಲಯ್ಯ ಇನ್ನೂ ಬಾಯಿ ಬಿಟ್ಟಿಲ್ಲ. ಭೀಮರಾಜ ಮಾತು ಬಿಟ್ಟಿದ್ದಾನೆ. ದಿನಾ ಸಂಜೆ ಅಕ್ಕನ ಮನೆಯ ಮುಂದೆ ಬಂದು, ಕಟ್ಟೆಯ ಮೇಲೆ ಕೂತು, ಮಾವನ ಕಡೆ ನೋಡದೆ ಹೋಗುತ್ತಾನೆ. “ಬರ್ತಾನಲ್ಲ, ಅಷ್ಟು ಸಾಕು,” ಎನ್ನುತ್ತಾರೆ ಹಂಪಮ್ಮ.

ನಾವು ಕೊನೆಯ ಸಲ ಹೋದಾಗ ಸುಂಕಣ್ಣ ಮನೆಯ ಮುಂದೆ ಬಿಸಿಲಿಗೆ ಕೂತಿದ್ದರು. ಕಾಲೇಜಿನ ಸಂಗತಿ ಬರೆಯಬಹುದೇ ಎಂದು ಕೇಳಿದೆವು. ಬರೆಯಿರಿ ಎಂದರು. ಹೆಸರು ಹಾಕಬಹುದೇ ಎಂದೆವು. ಹಾಕ್ರಿ ಎಂದರು. ಇಷ್ಟು ವರ್ಷ ಎಷ್ಟು ಚೀಲ ಹೊತ್ತಿರಬಹುದು, ಒಂದು ಅಂದಾಜು ಹೇಳಿ, ಓದುವವರಿಗೆ ಬೆರಗಾದೀತು ಎಂದು ಕೆದಕಿದೆವು. ಪತ್ರಿಕೆಯವರಿಗೆ ಅಂಕೆಯ ಚಪಲ ಬಿಡುವುದಿಲ್ಲ ನೋಡಿ.

ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು.

“ಚೀಲದ ಲೆಕ್ಕ ಯಾರಿಗೆ ಬೇಕ್ರಿ,” ಎಂದರು. “ನನ್ನ ಕೈಯಿಂದ ಒಬ್ಬರೂ ಸತ್ತಿಲ್ಲ. ಅದನ್ನ ಬರೀರಿ.”